ಹಿಂಬದಿಯ ಹಲಗೆ

ಷಟರು ಏಳುವ ಸದ್ದು, ಒಂದು, ಮತ್ತೊಂದು, ಇಳಿಹೊತ್ತಿನ ಅಸರ್ ನಮಾಜು ಮುಗಿಯಿತು, ಜಿದ್ದಾದ ಈ ಶರಫಿಯಾದ ಬೀದಿಗೆ ಜನ ಇಳಿಯುವ ಹೊತ್ತು, ನಾನೂ ಅಂಗಡಿಯ ದೀಪ ಹಾಕಬೇಕು, ಕೈ ಏಳುತ್ತಿಲ್ಲ, ಅಂಗೈಯಲ್ಲಿ ಫೋನು ಇನ್ನೂ ಬಿಸಿ — ಹೇಳಿಬಿಟ್ಟೆ, ಹಕೀಮ್ ಸಾಹೇಬರು ಬಂದರೆ ಅವರಿಗೂ ಹೇಳಬೇಕು, ಹದಿನಾಲ್ಕು ವರ್ಷದಿಂದ ಈ ಭಟ್ಕಳದ ಮನುಷ್ಯನ ಕೈಕೆಳಗೆ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದೇನೆ, ಕಾಬಾದ ಫೋಟೊ, ಮದುವೆ ಫೋಟೊ, ಡಿಗ್ರಿ ಸರ್ಟಿಫಿಕೇಟು, ಒಮ್ಮೆಯೂ ಅವರ ಮಾತು ಮೀರಿದ್ದಿಲ್ಲ, ನಾಲ್ಕು ವರ್ಷದ ಹಿಂದೆ ಮ್ಯೂಸಿಯಂನವರು ಆ ಹೆಪ್ಪುಗಟ್ಟಿದ ಹೊಳೆಯ ಚಿತ್ರ ತಂದಾಗಲೂ ಮೀರಲಿಲ್ಲ, ಹೊಳೆಯ ಮೇಲೆಯೇ ಜನ ನಡೆಯುತ್ತಿದ್ದರು, ಕುಂದಾಪುರದವ ನಾನು, ಹಾಗೆ ನಡೆಯಬಹುದೆಂದು ನಂಬಲಾರದೆ ಎಷ್ಟೋ ಹೊತ್ತು ನೋಡಿದೆ, ಹಿಂದಿನ ಹಲಗೆ ಹಳತಾಗಿದೆ, ಬಿಸಾಡಿ ಹೊಸತು ಹಾಕು ಅಂದರು ಸಾಹೇಬರು, ಹಾಕಿದೆ. ಕಳೆದ ಭಾನುವಾರ ಅದೇ ಮ್ಯೂಸಿಯಂನಿಂದ ಲುಜೈನ್ ಮೇಡಂ ಬಂದರು, ಯಾವ ಚಿತ್ರ ಯಾರ ಗೋಡೆಯಿಂದ ಯಾರ ಕೈಗೆ ಹೋಯಿತೆಂದು ಹುಡುಕುವುದು ಅವರ ಕೆಲಸ, ನನ್ನನ್ನು ಮುಅಲ್ಲಿಮ್, ಅಂದರೆ ಮೇಸ್ತ್ರಿ, ಅಂತ ಕರೆದು ಒಂದು ಫೋಟೊ ತೋರಿಸಿದರು, ವಿಯೆನ್ನಾದ ಮನೆ, ಗೋಡೆಯ ಮೇಲೆ ಅದೇ ಹೊಳೆ, ಕೆಳಗೆ ಏಳು ವರ್ಷದ ಹುಡುಗಿ, ಎಡಿತ್ ಅಂತೆ, ನಾಜಿಗಳು ಬಂದು ಗೋಡೆಯನ್ನು ಬರಿದು ಮಾಡಿ ಅಪ್ಪನನ್ನೂ ಕರೆದೊಯ್ದರಂತೆ, ಚಿತ್ರ ಹತ್ತು ಕೈ ದಾಟಿ ಜಿದ್ದಾಕ್ಕೆ ಬಂತು, ಅಪ್ಪ ಬರಲೇ ಇಲ್ಲ, ಹುಡುಗಿಗೆ ಈಗ ತೊಂಬತ್ತನಾಲ್ಕು, ಆ ಅಜ್ಜಿ ಪತ್ರ ಬರೆದಿದ್ದಾರೆ, ಚಿತ್ರದ ಹಿಂದಿನ ಹಲಗೆಯ ಮೇಲೆ ಅಪ್ಪ ನನ್ನ ಹೆಸರು ಬರೆದಿದ್ದರು, ಕೆಳಗೆ ಏನನ್ನೋ ಬಿಡಿಸಿದ್ದರು, ಅದೇನೆಂದು ನಾನು ಹೇಳುವುದಿಲ್ಲ, ಕಂಡವರು ಹೇಳಲಿ ಅಂತ, ಉತ್ತರವನ್ನು ಬೇರೆ ಲಕೋಟೆಯಲ್ಲಿ ಮುಚ್ಚಿ ಕಳಿಸಿದ್ದಾರೆ, ನೀವು ಕಂಡಿದ್ದೀರಾ ಮುಅಲ್ಲಿಮ್? ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು, ಎಂತದೂ ಇರಲಿಲ್ಲ ಮೇಡಂ, ಗೆದ್ದಲು ಹಿಡಿದದ್ದು, ಕಸಕ್ಕೆ ಹೋಯಿತು ಅಂದರು, ಮೇಡಂ ಹೋದ ಮೇಲೆ ನನಗೆ, ಮಾಲಿಂಗ, ನೀನು ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ, ಮ್ಯೂಸಿಯಂನವರು ತಪ್ಪೆಲ್ಲ ನಿನ್ನ ತಲೆಗೆ ಕಟ್ತಾರೆ, ಇಲ್ಲಿರ್ಲಿಕ್ಕೆ ಕೊಟ್ಟ ಇಕಾಮಾ ಹೋದ್ರೆ ಊರಿಗೆ ಹೋಗಿ ಎಂತ ಮಾಡ್ತಿ, ಹೆದರಿದ್ದು ನನಗಾಗಿಯೇ, ಗೊತ್ತು, ಸುಮ್ಮನಿದ್ದೆ, ಮೂರು ದಿನ ಕಟ್ಟಿನ ಮೂಲೆಗಳು ಒಂದಕ್ಕೊಂದು ಕೂಡಲಿಲ್ಲ, ಎರಡು ಕಟ್ಟು ಹಾಳು ಮಾಡಿದೆ.

ಇವತ್ತು ನಾನೇ ಫೋನು ಮಾಡಿದೆ, ಮೇಡಂ, ಬರಹ ಇತ್ತು, ನೀಲಿ ಪೆನ್ಸಿಲು, ಓದಲು ಬರಲಿಲ್ಲ, ಕೆಳಗೊಂದು ಬೆಕ್ಕು, ಕೂತ ಬೆಕ್ಕು — ಆ ಕಡೆ ಅಜ್ಜಿ ಬರೆದುಕೊಟ್ಟ ಲಕೋಟೆ ಒಡೆಯುವ ಸದ್ದು, ಆಮೇಲೆ ಅಳು, ಬೆಕ್ಕೇ ಮುಅಲ್ಲಿಮ್, ಬೆಕ್ಕೇ, ಸರಿಹೊಂದಿದರೆ ಚಿತ್ರ ವಾಪಸು ಅಂತ ನಮ್ಮವರು ಒಪ್ಪಿದ್ದಾರೆ, ನನಗೂ ಎದೆ ಹಗುರಾಯಿತು, ಒಂದೇ ಒಂದು ಗಳಿಗೆ, ಆಮೇಲೆ ಅವರು ಮೆಲ್ಲಗೆ, ಅಜ್ಜಿಗೆ ಚಿತ್ರ ಅಷ್ಟು ಬೇಕಾಗಿಲ್ಲ, ಅಪ್ಪನ ಒಂದು ಕಾಗದವಿಲ್ಲ, ಗೋರಿಯಿಲ್ಲ, ಅವರ ಕೈಯಿಂದ ಉಳಿದದ್ದು ಆ ಹಲಗೆ ಒಂದೇ, ಅದು ಎಲ್ಲಿ ಹೋಯಿತು? ಕಸಕ್ಕೆ ಅಂದುಬಿಡಬಹುದಿತ್ತು, ಅನ್ನಲಿಲ್ಲ, ಗೆದ್ದಲು ಹಿಡಿದಿರಲಿಲ್ಲ ಮೇಡಂ, ಒಳ್ಳೆಯ ಒಣ ಮರ, ಬಿಸಾಡಲು ಮನಸ್ಸಾಗಲಿಲ್ಲ, ಕೊಯ್ದು ಬೆಣೆ ಮಾಡಿದೆ, ಕಟ್ಟುಗಳ ಹಿಂದೆ ಬಡಿದೆ, ದೂರದ ಊರುಗಳಿಗೆ, ಥುಕ್ಬಾಕ್ಕೆ ಹೋದವು, ತಬೂಕಿಗೆ ಹೋದವು, ಯಾರ ಮನೆಯ ಯಾವ ಫೋಟೊದ ಹಿಂದೆ ಯಾವ ತುಂಡೋ, ಅಜ್ಜಿಗೆ ನಾನು ಹೇಗೆ ಹೇಳಲಿ ಅಂತ ಮೇಡಂ ಕೇಳಿದರು, ನನ್ನನ್ನು ಕೇಳಿದರು. ಸಾಹೇಬರು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಾರೆ, ಹೇಳಿದ್ಯಾ, ಹೂಂ, ಆಯ್ತು ಬಿಡು, ಆದದ್ದು ಆಗ್ಲಿ, ಅವರೇ ದೀಪ ಹಾಕುತ್ತಾರೆ, ಬೆಳಕು ಬಿದ್ದರೂ ನನಗೆ ಕಾಣುವುದು ಅದೇ, ಬೆಕ್ಕನ್ನು ನೋಡಿಯೇ ಕೊಯ್ದೆ, ಯಾವ ಮಗು ಗೀಚಿತೋ ಎಂದು ನಕ್ಕು ಕೊಯ್ದೆ, ಗರಗಸ ಆ ಎರಡು ಕಿವಿಗಳ ನಡುವೆ ಇಳಿಯುತ್ತದೆ, ಎರಡು ಪುಟ್ಟ ನೀಲಿ ಕಿವಿ, ಇಳಿಯುತ್ತದೆ, ಒಂದು ಕಿವಿ ಈಚೆ, ಒಂದು ಕಿವಿ ಆಚೆ