ಎರಡೂವರೆ ಗಂಟೆ

"ನಮ್ಮೂರಿಗೆ ಮೂರು ಸಾವಿರದ ಇನ್ನೂರು ಕಿಲೋಮೀಟರು, ಹಾರೋಕೆ ನಾಲ್ಕು ಗಂಟೆ. ಇಳಿದ ಮೇಲೆ ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸ್ಕೊಳ್ಳಿ. ಇಲ್ದಿದ್ರೆ ನನ್ನ ತಮ್ಮನ ಕಥೆ ಆಗುತ್ತೆ" ಎಂದು ಟಿಕೆಟಿನವಳು ಗಾಜಿನಾಚೆ ನಿಂತ ದಂಪತಿಗೆ ಹೇಳಿ ನಕ್ಕಳು.

ತಮ್ಮನ ಕಥೆ ಅವಳ ಬಾಯಲ್ಲಿ ಸವೆದು ನುಣ್ಣಗಾಗಿತ್ತು. ಒಮ್ಮೆ ಅಕ್ಕನನ್ನು ನೋಡಲು ಬಂದವನು ಊರಿಗೆ ವಾಪಸು ಹೋದಾಗ ಗಡಿಯಾರ ತಿರುಗಿಸಲು ಮರೆತು, ಹೊಸ ಕೆಲಸಕ್ಕೆ ಮೊದಲ ದಿನವೇ ಎರಡೂವರೆ ಗಂಟೆ ತಡವಾಗಿ ಹೋಗಿ ಕೆಲಸ ಕಳಕೊಂಡಿದ್ದ. ಅವನ ಮದುವೆಯಲ್ಲಿ ಹೆಣ್ಣಿನ ಕಡೆಯವರ ಮುಂದೆಯೂ ಇದನ್ನೇ ಹೇಳಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದಳು. ಪಾಪ, ಅವನೂ ನಕ್ಕಿದ್ದ.

ದಂಪತಿ ಹೋದರು. ಬೆಳಿಗ್ಗೆ ಎಂಟು ಹೊಡೆಯುವ ಹೊತ್ತಿಗೆ ತಮ್ಮನದೇ ಫೋನು ಬಂತು.

"ಅಕ್ಕ, ಅಮ್ಮ ಹೋಗ್ಬಿಟ್ಲು."

ಅಮ್ಮನನ್ನು ನೋಡಿ ನಾಲ್ಕು ವರ್ಷವಾಗಿತ್ತು. ಯಾವಾಗ ಬರ್ತೀಯೇ ಎಂದು ಕೇಳಿದಾಗಲೆಲ್ಲ, ನಾಲ್ಕೇ ಗಂಟೆ ದಾರಿ ಅಮ್ಮ, ಬಂದೇ ಬರ್ತೀನಿ ಎನ್ನುತ್ತಿದ್ದಳು.

"ಮುಖ ನೋಡ್ಬೇಕು ಕಣೋ. ನಾನು ಬರೋವರೆಗೂ ಎತ್ತಬೇಡಿ" ಎಂದು ಅತ್ತಳು.

"ಅದಕ್ಕೇ ಕೇಳ್ತಿರೋದು. ಇವತ್ತಾದ್ರೆ ಐದು ಗಂಟೆ ಒಳಗೆ ಎತ್ತಬೇಕು, ಆಮೇಲೆ ಸ್ಮಶಾನದ ಬಾಗಿಲು ಹಾಕ್ತಾರೆ. ಇಲ್ಲಾಂದ್ರೆ ನಾಳೆ ಬೆಳಿಗ್ಗೆವರೆಗೂ ಇಟ್ಕೋತೀವಿ. ನೀನು ಹೇಳಿದ ಹಾಗೆ."

ಕಣ್ಣು ಮಂಜಾಗಿ ಎದುರಿನ ಪರದೆ ಕಾಣಿಸಲಿಲ್ಲ. ಕಾಣಿಸಬೇಕಾಗಿಯೂ ಇರಲಿಲ್ಲ, ಅವಳಿಗೆ ಎಲ್ಲ ಬಾಯಿಪಾಠ.

"ಹನ್ನೊಂದಕ್ಕೆ ವಿಮಾನ, ಮೂರಕ್ಕೆ ಇಳೀತೀನಿ, ನಾಲ್ಕಕ್ಕೆ ಮನೇಲಿರ್ತೀನಿ. ಇವತ್ತೇ ಮಾಡಿ. ಅವಳನ್ನ ರಾತ್ರಿಯೆಲ್ಲ ಐಸಿನ ಮೇಲೆ ಮಲಗಿಸ್ಬೇಡಿ."



"ಸರಿಯಾಗಿ ನೋಡಿದ್ಯಾ, ಅಕ್ಕ?"

"ಗಂಟೆ ಲೆಕ್ಕ ನನಗೆ ನೀನು ಹೇಳಿಕೊಡ್ತೀಯಾ?"

"ಸರಿ" ಎಂದ ತಮ್ಮ.

ವಿಮಾನ ನೆಲ ಮುಟ್ಟಿತು. ಸ್ಥಳೀಯ ಸಮಯ ಸಂಜೆ ಐದೂವರೆ ಎಂದು ಗಗನಸಖಿ ಎಂದಿನ ಮುದ್ದು ದನಿಯಲ್ಲಿ ಹೇಳಿದಳು. ಟಿಕೆಟಿನವಳು ಟಿಕೆಟ್ಟು ತೆಗೆದು ನೋಡಿದಳು. ತಲುಪುವ ಹೊತ್ತು ಐದೂವರೆ ಎಂದೇ ಇತ್ತು, ಅವಳೇ ತನ್ನ ಕೈಯಾರೆ ಮುದ್ರಿಸಿಕೊಂಡು ಬಂದದ್ದು. ತಮ್ಮನಿಗೆ ಏಳು ಸಲ ಫೋನು ಮಾಡಿದಳು. ಅವನು ಎತ್ತಲಿಲ್ಲ.

ಟ್ಯಾಕ್ಸಿ ಇಳಿದಾಗ ಮನೆಯ ಬಾಗಿಲು ಹಾರುಹೊಡೆದಿತ್ತು. ನಡುಮನೆಯ ನೆಲ ತೊಳೆದು ಇನ್ನೂ ಆರಿರಲಿಲ್ಲ. ಅಮ್ಮನ ಮಂಚ ಗೋಡೆಗೆ ಒರಗಿ ನಿಂತಿತ್ತು. ತಮ್ಮ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತಿದ್ದ.

"ಐದಕ್ಕೆ ಹತ್ತು ನಿಮಿಷ ಇರೋವರೆಗೂ ಕಾದ್ವಿ" ಎಂದ. "ನಾಳೆಗೆ ಇಟ್ಕೊಳ್ಳೋಣ ಅಂದ್ರು ಚಿಕ್ಕಪ್ಪ. ಅಕ್ಕ ಇವತ್ತೇ ಅಂದಿದ್ದಾಳೆ, ಅವಳ ಲೆಕ್ಕ ತಪ್ಪಲ್ಲ ಅಂದೆ."

ಅವಳು ಅವನ ಮುಖವನ್ನೇ ನೋಡಿದಳು. "ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ನನ್ನ ಮೇಲಿನ ಸಿಟ್ಟಿಗೆ ಅಮ್ಮನ ಮುಖ ತೋರಿಸ್ಲಿಲ್ವಲ್ಲೋ."

ತಮ್ಮ ಕಡ್ಡಿ ಬಿಸಾಕಿ, ಅಂಗೈ ಒರೆಸಿಕೊಂಡು, ಅವಳ ಎಡಗೈಯನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಎಳೆದುಕೊಂಡ. ಅವಳ ಕೈಗಡಿಯಾರದಲ್ಲಿ ಸರಿಯಾಗಿ ನಾಲ್ಕು ಗಂಟೆ.

"ಕೊಡಿಲ್ಲಿ, ಮರ್ತುಬಿಡ್ತೀಯ" ಎಂದು ಕೀಲಿ ಹೊರಗೆಳೆದು ತಿರುಗಿಸತೊಡಗಿದ. ಮುಳ್ಳು ನಿಧಾನಕ್ಕೆ ಐದನ್ನು ದಾಟಿತು.