ಕ್ಯಾಂಪಿನಾಕಿ

ರಜಾಕಾರರ ಗದ್ದಲದ ವರ್ಷ ಸುರಪುರದ ಕಡೆಯ, ಕೃಷ್ಣಾ ಹೊಳೆದಂಡೆಯ ಒಂದು ಊರಿನಿಂದ ಕೆಲವು ಮನೆಯವರು ಗಡಿ ದಾಟಿ, ಮುಂಬೈ ಪ್ರಾಂತದಲ್ಲಿದ್ದ ನಿರಾಶ್ರಿತರ ಶಿಬಿರ ಸೇರಿದ್ದರು. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಊರಿಗೆ ಮರಳಿದವರಲ್ಲಿ ಸುಂದ್ರಮ್ಮನೂ ಒಬ್ಬಳು. ಗಂಡ ಶಿಬಿರದಲ್ಲೇ ಜ್ವರ ಬಂದು ತೀರಿಕೊಂಡಿದ್ದ.

ಊರಲ್ಲೇ ಉಳಿದಿದ್ದವರು ಇವರನ್ನು ‘ಕ್ಯಾಂಪಿನವರು’ ಎಂದರು. ಮೊದಮೊದಲು ಅದು ಬರೀ ಗುರುತಿನ ಮಾತು. ಅಲ್ಲಿ ಎಲ್ಲ ಜಾತಿಯವರೂ ಒಂದೇ ಹಂಡೆಯ ಗಂಜಿ ಕುಡಿದರಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಅದೇ ಮಾತು ಬೈಗುಳವಾಯಿತು. ‘ಕ್ಯಾಂಪ್’ ಅಂದರೆ ಜಾತಿಗೆಟ್ಟವರು, ನೀತಿಗೆಟ್ಟವರು. ಹುಡುಗರು ಬೀದಿನಾಯಿಯನ್ನೂ ಹಾಗೆಂದೇ ಕೂಗಿ ಓಡಿಸುತ್ತಿದ್ದರು.

“ಕ್ಯಾಂಪಿನಾಕಿ ಬಂದಾಳ, ಕೊಡ ಸರಸ್ಕೋರಿ,” ಎನ್ನುತ್ತಿದ್ದಳು ಬಾವಿಯ ಹತ್ತಿರ ನೆರೆಮನೆಯ ದೇವಕಮ್ಮ. ಸುಂದ್ರಮ್ಮ ಬೇವಿನ ನೆರಳಿಗೆ ಸರಿದು, ಎಲ್ಲರೂ ಹೋದ ಮೇಲೆ ನೀರು ಸೇದುತ್ತಿದ್ದಳು.

ಮುಂದೊಂದು ಮಳೆಗಾಲ ಕೃಷ್ಣೆ ಉಕ್ಕಿ ಓಣಿಗೆ ನುಗ್ಗಿತು. ಜನ ಮಕ್ಕಳು, ದನಗಳ ಸಮೇತ ದಿಬ್ಬ ಏರಿದರು. ತಂತಮ್ಮ ಕಾಳಿನ ಗಂಟು ತೊಡೆಯ ಮೇಲಿಟ್ಟುಕೊಂಡು ಬೇರೆ ಬೇರೆ ಕುಳಿತರು. ಉರುವಲು ತೊಯ್ದಿತ್ತು, ಯಾರ ಒಲೆಯೂ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸುಗಳು ಹಸಿದು ಅಳತೊಡಗಿದವು.

ಸುಂದ್ರಮ್ಮ ಎದ್ದು ನಿಂತಳು. “ಹಿಂಗ ಮನಿಗೊಂದು ಒಲಿ ಹೂಡಿದ್ರ ಒಂದೂ ಉರಿಯಾಂಗಿಲ್ಲ. ಒಣಾ ಕಟಗಿ ಇದ್ದಷ್ಟು ಒಂದೇ ಕಡಿ ಹಾಕ್ರಿ. ನುಚ್ಚು ಇದ್ದವರು ನುಚ್ಚು ಕೊಡ್ರಿ. ಕ್ಯಾಂಪಿನಾಗ ಹಿಂಗೇ ಮಾಡ್ತಿದ್ವಿ.”

ಯಾರೂ ಅಲುಗಲಿಲ್ಲ. ಕೊನೆಗೆ ಮುದುಕ ತಿಮ್ಮಣ್ಣ ತನ್ನ ಬಂಡಿಯ ಹಲಗೆ ಕಿತ್ತು ತಂದು ಹಾಕಿದ. ದೇವಕಮ್ಮ ನೀರಿನಿಂದ ಉಳಿಸಿ ತಂದಿದ್ದ ತಾಮ್ರದ ಹಂಡೆಯನ್ನು ಅಪ್ಪಿಕೊಂಡೇ ಕೂತಿದ್ದಳು. ಮೊಮ್ಮಗಳು ಅತ್ತೂ ಅತ್ತೂ ಧ್ವನಿ ಬಿದ್ದಿದ್ದು ನೋಡಿ, ಅದನ್ನು ಮುಂದಕ್ಕೆ ತಳ್ಳಿದಳು.

ಗಂಜಿ ಬೆಂದಿತು. ಎಲ್ಲರೂ ಕುಡಿದರು.

“ಇನ್ನೊಂದೀಟು ಹಾಕವ್ವ, ಕ್ಯಾಂಪವ್ವ,” ಎಂದಳು ದೇವಕಮ್ಮ, ಅಕ್ಕರೆಯಿಂದಲೇ.

ಸುಂದ್ರಮ್ಮನ ಸೌಟು ನಿಂತಿತು. “ನನಗೊಂದು ಹೆಸರ ಅದ, ಅಕ್ಕಾ.”

ದೇವಕಮ್ಮನ ಮುಖ ಬಾಡಿತು. ಬಟ್ಟಲು ಕೆಳಗಿಟ್ಟಳು. “ಹೌದವ್ವ, ತಪ್ಪಾತು. ಸುಂದ್ರಮ್ಮ, ಹಾಕು.”

ನೀರಿಳಿದರೂ ‘ಕ್ಯಾಂಪ್’ ಎಂಬ ಮಾತು ಊರಲ್ಲಿ ಉಳಿಯಿತು, ಬೇರೆ ಅರ್ಥದಲ್ಲಿ. ಸುಗ್ಗಿ ಮುಗಿದ ಮೇಲೆ ಕಾಳು ಕೂಡಿಸಿ ಹೊಲದಲ್ಲಿ ಒಟ್ಟಿಗೆ ಅಡಿಗೆ ಮಾಡುವುದಕ್ಕೆ ಜನ “ಕ್ಯಾಂಪ್ ಮಾಡೂಣು” ಎನ್ನತೊಡಗಿದರು. ಹೊಸದಾಗಿ ಬಂದ ಸೊಸೆಯಂದಿರಿಗೆ ಅದು ಬೈಗುಳವಾಗಿತ್ತೆಂದೇ ಗೊತ್ತಿರಲಿಲ್ಲ. ಸುಂದ್ರಮ್ಮನೂ ಕರೆದಾಗ ಹೋಗುತ್ತಿದ್ದಳು, ಆದರೆ ಆ ಮಾತನ್ನು ಆಡುತ್ತಿರಲಿಲ್ಲ. ಯಾರಾದರೂ ಕೇಳಿದರೆ “ಕೂಡಿ ಉಣ್ಣಾಕ ಹೊಂಟೀನಿ,” ಎನ್ನುತ್ತಿದ್ದಳು. ದೇವಕಮ್ಮ ತನ್ನ ಪಕ್ಕದಲ್ಲಿ ಅವಳಿಗೆ ಜಾಗ ಹಿಡಿದಿರುತ್ತಿದ್ದಳು.