ಡೊಂಬಿವಲಿಯ ಮದುಮಗಳು

ಊರಿನಿಂದ ಬಂದ ಲೋಲಾಕ್ಷಿ ಕಾಲು ತೊಳೆದುಕೊಂಡು, ಚಾ ಕುಡಿದು, ಲೋಟ ಕೆಳಗಿಡುವ ಮೊದಲೇ ವಿಷಯ ಎತ್ತಿದಳು.

"ಹುಡುಗ ಸಿಕ್ಕಿದ್ದಾನೆ, ಪ್ರಫುಲ್ಲಾ. ಪಡುಬಿದ್ರೆ ಹತ್ತಿರ. ಒಳ್ಳೆ ಮನೆ."

ಪ್ರಫುಲ್ಲಾ ಗಾಬರಿಯಿಂದ ಒಳಕೋಣೆಯ ಕಡೆ ನೋಡಿದಳು. ಜಯಲತಾ ಅಲ್ಲಿ ಶಾಲೆಯ ಪುಸ್ತಕ ಹರಡಿಕೊಂಡು ಕೂತಿದ್ದಳು.

"ಎಂತ ಅತ್ತಿಗೆ, ಅವಳಿಗಿನ್ನೂ ಹದಿನೈದು. ಓದುವ ಹುಡುಗಿ..."

"ಅವಳಿಗಲ್ಲ ಮಾರಾಯ್ತಿ. ದೊಡ್ಡವಳಿಗೆ."

ಅವಳ ಗಂಡ ಭುಜಂಗ ಪೇಪರು ಮಡಚಿದ. ಅಕ್ಕ ಬರುತ್ತಿರುವುದು ಯಾತಕ್ಕೆಂದು ಅವನಿಗೆ ಮೊದಲೇ ಗೊತ್ತಿತ್ತೆಂಬುದು ಆ ಮಡಚುವ ರೀತಿಯಿಂದಲೇ ಪ್ರಫುಲ್ಲಾಳಿಗೆ ತಿಳಿಯಿತು.

ದೊಡ್ಡವಳು ಎಂಬ ಶಬ್ದವನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡಬೇಕಾಗಿ ಬಂದರೆ 'ಆ ಮಗು' ಎನ್ನುತ್ತಿದ್ದರು. ಎಪ್ಪತ್ತನೇ ಇಸವಿಯ ಮಳೆಗಾಲದಲ್ಲಿ ಹುಟ್ಟಿ, ಅದೇ ಮಳೆಗಾಲ ಮುಗಿಯುವ ಮೊದಲು ಹೋದ ಮಗು. ಬದುಕಿದ್ದರೆ ಈಗ ಹದಿನೆಂಟು. ತುಳುನಾಡಿನ ಅವರಂಥ ಮನೆಗಳಲ್ಲಿ ಎಳವೆಯಲ್ಲಿ ತೀರಿಹೋದ ಮಕ್ಕಳು ಅಲ್ಲಿಗೇ ಮುಗಿದುಹೋಗುವುದಿಲ್ಲ. ಕಣ್ಣಿಗೆ ಕಾಣದ ಕಡೆ ಬೆಳೆಯುತ್ತಲೇ ಇರುತ್ತಾರೆ. ಪ್ರಾಯಕ್ಕೆ ಬಂದಾಗ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಮಗುವನ್ನು ಹುಡುಕಿ, ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಅವರಿಗೆ ಮದುವೆ ಮಾಡಿಸುತ್ತಾರೆ.

"ಅಮ್ಮನ ಕನಸಿಗೆ ಬರ್ತಾಳಂತೆ," ಎಂದಳು ಲೋಲಾಕ್ಷಿ. "ಜಗಲಿಯ ಕೆಳಗೆ ಮಳೆಯಲ್ಲಿ ನಿಂತಿರ್ತಾಳೆ, ತಲೆ ಬಾಚಿರುವುದಿಲ್ಲ. ಒಳಗೆ ಬಾ ಮಗಾ ಅಂದ್ರೆ ಬರುವುದಿಲ್ಲ. ಓರಗೆಯವರೆಲ್ಲ ಗಂಡನ ಮನೆ ಸೇರಿದ್ರು. ಇವಳೊಬ್ಬಳು ಎಷ್ಟು ದಿನ ಅಂತ ನಿಲ್ಲುವುದು?"

"ಮದುವೆ ಆದ ಮೇಲೆ?" ಉತ್ತರ ಗೊತ್ತಿದ್ದೂ ಪ್ರಫುಲ್ಲಾ ಕೇಳಿದಳು.

"ಆದ ಮೇಲೆ ಎಂತ? ಅವರ ಮನೆಯವಳಾದಳು. ತೀರಿಹೋದವರಿಗೆ ಬಡಿಸುವಾಗ ಅವಳ ಎಲೆ ಅಲ್ಲಿ ಹಾಕ್ತಾರೆ, ಅವನ ಎಲೆಯ ಪಕ್ಕದಲ್ಲಿ. ಮತ್ತೆ ನಾವು ಬಡಿಸಬಾರದು. ಅವಳನ್ನು ಅತ್ತಲಾಗಿಯೂ ಇಲ್ಲ ಇತ್ತಲಾಗಿಯೂ ಇಲ್ಲ ಅಂತ ಮಾಡಬಾರದು."

ಪ್ರಫುಲ್ಲಾ ಲೋಟಗಳನ್ನೆತ್ತಿಕೊಂಡು ಅಡಿಗೆಮನೆಗೆ ಹೋದಳು. ಕಿಟಕಿಯ ಕಟ್ಟೆಯ ಮೇಲೆ ಒಂದು ಚಿಕ್ಕ ಹಿತ್ತಾಳೆ ಮುಚ್ಚಳವಿತ್ತು. ಪ್ರತಿದಿನ ಅನ್ನ ಬಸಿದ ಮೇಲೆ, ಯಾರಿಗೂ ಬಡಿಸುವ ಮೊದಲು, ಒಂದು ಸೌಟು ಅನ್ನ ಅದರಲ್ಲಿ ಹಾಕಿ ಹೊರಗಿಡುತ್ತಿದ್ದಳು. ಕಾಗೆಗೆ ಹಾಕುತ್ತಾಳೆಂದು ಭುಜಂಗ ತಿಳಿದಿದ್ದ. ಕಾಗೆ ತಿನ್ನುತ್ತಿದ್ದುದೂ ನಿಜ.

ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಭುಜಂಗ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿ ಹೊಸದಾಗಿ ಸೇರಿದ್ದ. ಚಾಳಿನ ಒಂದು ಕೋಣೆ, ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ತುಳು ಬಿಟ್ಟರೆ ಶಾಲೆಯಲ್ಲಿ ಕಲಿತ ಕನ್ನಡ ಅಷ್ಟೇ ಬರುತ್ತಿದ್ದ ಅವಳು ನಲ್ಲಿಯ ಸಾಲಿನ ಕೊನೆಯಲ್ಲಿ ಮೂಗಿಯ ಹಾಗೆ ನಿಲ್ಲುತ್ತಿದ್ದಳು. ಪಕ್ಕದ ಕೋಣೆಯ ದ್ವಾರಕಾಬಾಯಿ ಒಂದು ದಿನ ಬೈಯುತ್ತ ಬಂದು ಅವಳ ಕೊಡವನ್ನು ಕಸಿದು ಮುಂದಿಟ್ಟಳು. ಬೈದದ್ದು ತನ್ನನ್ನಲ್ಲ, ಉಳಿದವರನ್ನು ಎಂದು ಪ್ರಫುಲ್ಲಾಳಿಗೆ ತಿಳಿದದ್ದು ಕೊಡ ತುಂಬಿದ ಮೇಲೆ.

ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಭುಜಂಗನಿಗೆ ರಜೆ ಸಿಗಲಿಲ್ಲ, ಆಮೇಲೆ ಮಳೆ ಹಿಡಿಯಿತು. ಮಗು ಇಲ್ಲೇ ಹುಟ್ಟಿತು. ಮಳೆ ಬಿಟ್ಟ ಮೇಲೆ ಊರಿಗೆ ಕರೆತನ್ನಿ, ಹೆಸರು ಇಲ್ಲಿಯೇ ಇಡುವ ಎಂದು ಅತ್ತೆ ಹೇಳಿ ಕಳುಹಿಸಿದ್ದರು. ಹೆಸರಿಲ್ಲದ ಮಗು ಎಂದರೆ ದ್ವಾರಕಾಬಾಯಿಗೆ ತಡೆಯಲಿಲ್ಲ. ಒಂದು ಮಧ್ಯಾಹ್ನ ತನ್ನ ಹಳೆಯ ಸೀರೆಯನ್ನು ತೊಲೆಗೆ ಕಟ್ಟಿ ತೊಟ್ಟಿಲು ಮಾಡಿ, ಮಗುವನ್ನು ಮಲಗಿಸಿ, ಕಿವಿಯಲ್ಲಿ 'ಮಾಲನ್' ಎಂದಳು. ಪ್ರಫುಲ್ಲಾಳಿಗೆ ನಗು ಬಂದಿತ್ತು. ಊರಲ್ಲಿ ಬೇರೆ ಹೆಸರಿಡುತ್ತಾರಲ್ಲ, ಈ ಮುದುಕಿಯ ಸಂತೋಷಕ್ಕೆ ಇದೊಂದಿರಲಿ ಎಂದುಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ.

ಜ್ವರ ಬಂದು ಮಗು ಹೋದಾಗ ಭುಜಂಗ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮಣ್ಣು ಮಾಡಲು ಪಶ್ಚಿಮದ ಖಾಡಿಯ ಹಿನ್ನೀರಿನ ಕಡೆ ನಡೆದ. ಹೆಂಗಸರು ಅಲ್ಲಿಗೆ ಹೋಗುವ ಕ್ರಮವಿರಲಿಲ್ಲ. ಆಮೇಲೆ ಅವಳು ನಲ್ಲಿಗೆ ಹೋದ ದಿನ ಯಾರೋ ಮಗು ಎಲ್ಲಿ ಎಂದು ಕೇಳಿದರು. "ಗೇಲೀ" ಎಂದಳು. ಹೋದಳು. ಯಾರೂ ಹೇಳಿಕೊಡದೆ ಅವಳ ಬಾಯಿಂದ ಬಂದ ಮೊದಲ ಮರಾಠಿ ಮಾತು ಅದು. ಮುಂದೆ ಉಳಿದ ಮಾತುಗಳೂ ಬಂದವು. ತರಕಾರಿ ಕೊಳ್ಳಲು, ರೇಶನ್ ಅಂಗಡಿಯಲ್ಲಿ ಜಗಳವಾಡಲು, ಜಯಲತಾಳ ಟೀಚರಿನ ಹತ್ತಿರ ನಯವಾಗಿ ಮಾತಾಡಲು ಕಲಿತಳು. ದ್ವಾರಕಾಬಾಯಿ ಮಗನ ಜೊತೆ ಬದಲಾಪುರಕ್ಕೆ ಹೋದಳು. ಇವರು ಚಾಳು ಬಿಟ್ಟು ಎರಡು ಕೋಣೆಯ ಬ್ಲಾಕಿಗೆ ಬಂದರು. ದೂರದ ವಾಶಿಯಲ್ಲಿ ಇದಕ್ಕಿಂತ ಒಳ್ಳೆಯ ಮನೆ ಸಿಗುವ ಅವಕಾಶ ಎರಡು ಸಲ ಬಂದಿತ್ತು. ಎರಡು ಸಲವೂ ಪ್ರಫುಲ್ಲಾ, "ನನಗೆ ಇಲ್ಲಿ ಅಭ್ಯಾಸ ಆಗಿದೆ, ನಾನು ಬರುವುದಿಲ್ಲ" ಎಂದಿದ್ದಳು. ಭುಜಂಗ ಅದನ್ನು ಹಟವೆಂದ. ಈ ಅಡಿಗೆಮನೆಯ ಕಿಟಕಿ ಪಶ್ಚಿಮಕ್ಕಿತ್ತು. ಇಳಿತದ ಹೊತ್ತಿನಲ್ಲಿ ಖಾಡಿಯ ಕೆಸರಿನ ವಾಸನೆ ಅಲ್ಲಿಯವರೆಗೆ ಬರುತ್ತಿತ್ತು. ಆ ವಾಸನೆ ಬಾರದ ಮನೆಯಲ್ಲಿ ಮುಚ್ಚಳವನ್ನು ಎಲ್ಲಿಡುವುದು?

ಈಗ ಅತ್ತಿಗೆ ಬಿಟ್ಟುಕೊಡು ಎಂದು ಕೇಳುತ್ತಿದ್ದುದು ಆ ಮಗುವನ್ನೇ.

ಸಂಜೆ ಜಯಲತಾಳ ತಲೆ ಬಾಚುವಾಗ ಪ್ರಫುಲ್ಲಾಳ ಕೈ ನಡುವೆ ನಿಂತಿತು. ಮಳೆಯಲ್ಲಿ ನಿಂತಿರ್ತಾಳೆ, ತಲೆ ಬಾಚಿರುವುದಿಲ್ಲ. ಇಷ್ಟು ವರ್ಷ ತಾನು ಅವಳನ್ನು ಬಳಿಯಲ್ಲಿಟ್ಟುಕೊಂಡೆನೆಂದು ತಿಳಿದಿದ್ದಳು. ಇಟ್ಟದ್ದು ಕಿಟಕಿಯ ಹೊರಗೆ.

"ಆಈ, ದುಖತಂಯ!" ಎಂದು ಜಯಲತಾ ನೋವಿಗೆ ಕೂದಲು ಬಿಡಿಸಿಕೊಂಡಳು. ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ ಕೊಡುವ ಹುಡುಗಿ. "ಕೋಣಾಚಂ ಲಗ್ನ ಆಹೇ?"

ಯಾರ ಮದುವೆಯೆಂದು ಪ್ರಫುಲ್ಲಾ ಹೇಳಿದಳು. ಮದುವೆಯಾಗದ ಹುಡುಗಿಯರು ಅದನ್ನು ನೋಡಬಾರದು, ನೀನು ಕೆಳಗಿನ ಮನೆಯವರ ಹತ್ತಿರ ಇರಬೇಕು ಎಂದಳು. ನಗುತ್ತಾಳೇನೋ ಎಂದುಕೊಂಡಿದ್ದಳು. ಜಯಲತಾಳ ಮುಖ ಸಣ್ಣದಾಯಿತು.

"ಮಾಝ್ಯಾ ತಾಈಚಂ ಲಗ್ನ, ಆಣಿ ಮೀಚ ನಾಹೀ?"

ನನ್ನ ಅಕ್ಕನ ಮದುವೆ, ನಾನೇ ಇಲ್ಲವಾ? ಆ ಮಗುವನ್ನು ಯಾರಾದರೂ ಅಕ್ಕ ಎಂದು ಕರೆದದ್ದನ್ನು ಪ್ರಫುಲ್ಲಾ ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ಜಯಲತಾ ಎದ್ದುಹೋಗಿ ತನ್ನ ಡಬ್ಬಿಯಿಂದ ಹಣೆಗೆ ಹಚ್ಚುವ ಮಖಮಲ್ಲಿನ ಟಿಕಲಿಯ ಹೊಸ ಪಾಕೀಟು ತಂದು ತಾಯಿಯ ಮಡಿಲಿಗೆ ಹಾಕಿದಳು. ಕೆಂಪು ಬಣ್ಣದ್ದು.

ಪ್ರಫುಲ್ಲಾ ಹೊರಗೆ ಬಂದು, "ಯಾವಾಗ ಹೊರಡುವುದು ಅತ್ತಿಗೆ?" ಎಂದು ಕೇಳಿದಳು.

"ಮೊದಲು ಅವಳನ್ನು ಕರೀಬೇಕು," ಎಂದಳು ಲೋಲಾಕ್ಷಿ. "ಮಣ್ಣು ಮಾಡಿದಲ್ಲಿ ಹೋಗಿ, ತೆಂಗಿನಕಾಯಿ ಹಿಡಿದು, ಬಾ ಅಂತ ಹೇಳಿ, ಆ ಕಾಯಿಯನ್ನು ನೆಲಕ್ಕೆ ತಾಗಿಸದೆ ಊರಿಗೆ ಒಯ್ಯುವುದು. ನೀನೂ ಬಾ. ಇದಕ್ಕೆ ತಾಯಿ ಬರಬಹುದು. ಹೆಸರು ಅಲ್ಲಿಯೇ ಇಡುವ, ಪುಷ್ಪಾ ಅಂತ ಅಮ್ಮ ಹೇಳಿದ್ದಾರೆ."

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ಮಳೆ ಬಿಟ್ಟಿತ್ತು. ಖಾಡಿಯ ಕಡೆಯ ರಸ್ತೆಯಲ್ಲಿ ಭುಜಂಗ ಮುಂದೆ ನಡೆದವನು ಒಂದು ತಿರುವಿನಲ್ಲಿ ನಿಂತ. ಆಚೆ ನೋಡಿದ, ಈಚೆ ನೋಡಿದ, ಹಿಂದೆ ಬಂದು ಮತ್ತೊಂದು ದಾರಿಯಲ್ಲಿ ಹೋದ.

"ಇಲ್ಲಿ ಒಂದು ಜಾಲಿ ಮರ ಇತ್ತು," ಎಂದ.

ಮರವಿದ್ದ ಕಡೆ ನಾಲ್ಕು ಮಾಳಿಗೆಯ ಕಟ್ಟಡ ನಿಂತಿತ್ತು. ಬಾಲ್ಕನಿಗಳಲ್ಲಿ ಸೀರೆ, ಚಡ್ಡಿ, ಮಗುವಿನ ಲಂಗೋಟಿಗಳು ಒಣಗುತ್ತಿದ್ದವು. ಯಾರದೋ ಕುಕ್ಕರ್ ಸೀಟಿ ಹಾಕಿತು. ಭುಜಂಗ ಕಂಪೌಂಡಿನ ಹೊರಗೆ ಕೈ ಇಳಿಬಿಟ್ಟು ನಿಂತ. "ಇಲ್ಲೇ. ಇದರ ಅಡಿಯಲ್ಲೇ ಎಲ್ಲೋ."

"ಸರಿಯಾಗಿ ನೋಡು ಮಾರಾಯ," ಎಂದಳು ಲೋಲಾಕ್ಷಿ.

"ಎಷ್ಟಂತ ನೋಡುವುದು ಅಕ್ಕಾ? ಮರದ ಬುಡವೇ ಇಲ್ಲ."

ಪ್ರಫುಲ್ಲಾ ಅತ್ತಿಗೆಯ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡು ಗೇಟು ದಾಟಿ ಒಳಗೆ ಹೋದಳು. ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ ವಾಚ್‌ಮನ್ ತಲೆಯೆತ್ತಿದ.

"ಕೋಣ ಪಾಹಿಜೆ, ಬಾಈ?"

ಯಾರು ಬೇಕು ನಿಮಗೆ? ಅವಳು ಹೇಳಬಹುದಾಗಿದ್ದ ಸುಳ್ಳುಗಳು ಹತ್ತಿದ್ದವು. ಬಾಯಿಗೆ ಬಂದದ್ದು ಒಂದೇ.

"ಮಾಲನ್," ಎಂದಳು. ಆ ಹೆಸರನ್ನು ಅವಳು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ದನಿ ಅಂಗಳದಲ್ಲಿ ತನಗೇ ಕೇಳಿಸಿತು. ಮತ್ತೊಮ್ಮೆ ಕರೆದಳು, "ಮಾಲನ್!"

ವಾಚ್‌ಮನ್ ಯೋಚಿಸಿ ತಲೆಯಾಡಿಸಿದ. "ಮಾಲನ್ ನಾವಾಚಂ ಕೋಣೀ ರಾಹತ ನಾಹೀ ಇಥಂ." ಆ ಹೆಸರಿನವರು ಯಾರೂ ಇಲ್ಲಿ ವಾಸವಿಲ್ಲ.

ಅವಳು ಗೇಟಿನ ಹೊರಗೆ ಬಂದಳು. ಮರಾಠಿ ತಿಳಿಯದ ಲೋಲಾಕ್ಷಿ, "ಎಂತ ಹೇಳಿದ ಅವ?" ಎಂದು ಕೇಳಿದಳು.

"ಅವಳು ಇಲ್ಲಿಲ್ಲ ಅಂದ."

ಲೋಲಾಕ್ಷಿ ತಮ್ಮನ ಹೆಂಡತಿಯ ಮುಖ ನೋಡಿದಳು, ಅವಳ ಕೈಯ ಕಾಯಿ ನೋಡಿದಳು. "ಹಾಗಾದ್ರೆ ಅವಳು ನಮ್ಮ ಜೊತೆ ಹೊರಟಾಯಿತು. ನಡಿ. ಹಿಂದೆ ತಿರುಗಿ ನೋಡಬೇಡ."

ಊರಿನ ಬಸ್ಸು ಘಟ್ಟ ಹತ್ತುತ್ತಿತ್ತು. ಪ್ರಫುಲ್ಲಾ ಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಹಿಡಿದಿದ್ದಳು. ಕ್ಲೀನರ್ ಬಂದು, "ಕೊಡಿ ಅಮ್ಮ, ಮೇಲಿಡ್ತೇನೆ" ಎಂದದ್ದಕ್ಕೆ ಬೇಡವೆಂದಳು. ಗುಂಡಿ ಬಂದಾಗಲೆಲ್ಲ ಅವಳ ಅಂಗೈ ತಾನಾಗಿ ಅದರ ಮೇಲೆ ಹೋಗುತ್ತಿತ್ತು, ಮಗುವಿನ ನೆತ್ತಿಯ ಮೇಲೆ ಹೋಗುವ ಹಾಗೆ.

"ಆ ಹೆಸರು ಯಾವಾಗ ಇಟ್ಟದ್ದು?" ಎಂದು ಭುಜಂಗ ಕೇಳಿದ.

"ದ್ವಾರಕಾಬಾಯಿ ಇಟ್ಟದ್ದು. ನೀವು ಡ್ಯೂಟಿಗೆ ಹೋಗಿದ್ರಿ."

ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. "ನಾನು ಹೆಸರಿಲ್ಲದೆ ಮಣ್ಣು ಮಾಡಿದೆ ಅಂತ ಇದ್ದೆ, ಇಷ್ಟು ವರ್ಷ," ಎಂದ. ಪ್ರಫುಲ್ಲಾ ಕಾಯಿಯ ಗಂಟನ್ನು ಸ್ವಲ್ಪ ಅವನ ಕಡೆ ಸರಿಸಿದಳು. ಅವನು ಒಂದು ಕೈ ಅದರ ಮೇಲಿಟ್ಟ.

ಹುಡುಗನ ಮನೆಯ ಚಾವಡಿಯಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಪಂಚೆ, ಶಲ್ಯ. ಇನ್ನೊಂದರ ಮೇಲೆ ಅವರು ತಂದ ಧಾರೆ ಸೀರೆ, ಬಳೆ, ಕರಿಮಣಿ, ಒಂದು ಅಟ್ಟೆಯಷ್ಟು ಮಲ್ಲಿಗೆ ದಂಡೆ. ಪ್ರಫುಲ್ಲಾ ಕಾಯಿಯನ್ನು ಸೀರೆಯ ಪಕ್ಕದಲ್ಲಿಟ್ಟು, ಟಿಕಲಿಯ ಪಾಕೀಟನ್ನು ಬಳೆಗಳ ಮೇಲಿಟ್ಟಳು. ನಿಜವಾದ ಮದುವೆಯ ಹಾಗೆಯೇ ಗಲಾಟೆಯಿತ್ತು. ಹೆಣ್ಣಿನ ಕಡೆಯವರು ತಡ ಮಾಡಿದರೆಂದು ಗಂಡಿನ ಕಡೆಯವರು ಚೇಷ್ಟೆ ಮಾಡಿದರು.

"ಬೊಂಬಾಯಿ ಹುಡುಗಿ ಅಲ್ವಾ, ಪೌಡರು ಹಾಕಿ ಮುಗೀಬೇಕಲ್ಲ!"

"ನಿಮ್ಮ ಹುಡುಗ ಮೀಸೆ ತಿರುವಿ ಮುಗಿದಿದ್ರೆ ಕರಕೊಂಡು ಬನ್ನಿ," ಎಂದು ಲೋಲಾಕ್ಷಿ ಬಿಟ್ಟುಕೊಡದೆ ಹೇಳಿದಳು. ಎಲ್ಲರೂ ನಕ್ಕರು. ನಗುತ್ತಿದ್ದ ಹೆಂಗಸರಲ್ಲಿ ಕೆಲವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಹುಡುಗಿಯ ಹೆಸರು?" ಎಂದು ಮದುವೆ ನಡೆಸುವ ಹಿರಿಯರು ಕೇಳಿದರು.

ಲೋಲಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಭುಜಂಗ ಹೇಳಿದ, "ಮಾಲನ್."

"ಎಂತ ಹೆಸರು ಅದು?"

"ಅವಳು ಹುಟ್ಟಿದ ಊರಿನಲ್ಲಿ ಇಟ್ಟ ಹೆಸರು. ಅದನ್ನೇ ಹೇಳಿ."

ಹುಡುಗ ಧರ್ಮಪಾಲನಿಗೆ ಮಾಲನ್ ಎಂದು ಹಿರಿಯರು ಮೂರು ಸಲ ಹೇಳಿದರು.

ಹುಡುಗನ ತಾಯಿಯ ಹೆಸರು ಬಾಗಿ. ಪ್ರಫುಲ್ಲಾಳಿಗಿಂತ ಸ್ವಲ್ಪ ದೊಡ್ಡವಳು, ಪಕ್ಕಕ್ಕೆ ಬಂದು ಕೂತಳು. ಆಮೇಲೆ ಬಾಗಿ ಮೆಲ್ಲಗೆ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ ಕೇಳಿದಳು:

"ಅವಳಿಗೆ ತುಳು ಬರ್ತದಾ?"

"ಅರ್ಥ ಆಗ್ತದೆ," ಎಂದಳು ಪ್ರಫುಲ್ಲಾ. "ಉತ್ತರ ಮರಾಠಿಯಲ್ಲಿ ಕೊಟ್ಟಾಳು. ತಂಗಿಯೂ ಹಾಗೆಯೇ. ಬೇಜಾರು ಮಾಡ್ಕೊಳ್ಬೇಡಿ."

"ನನ್ನವ ಮಾತೇ ಕಲಿತಿರಲಿಲ್ಲ," ಎಂದಳು ಬಾಗಿ. "ಇಬ್ಬರೂ ಒಟ್ಟಿಗೆ ಕಲೀಲಿ."

ಒಪ್ಪಿಸಿಕೊಡುವ ಹೊತ್ತಿಗೆ ಸೀರೆಯ ಸೆರಗನ್ನು ಬಾಗಿಯ ಕೈಯಲ್ಲಿ ಇಡಬೇಕಿತ್ತು. ಪ್ರಫುಲ್ಲಾ ಇಟ್ಟಳು. ಬಿಡಲು ಬೆರಳು ಕೇಳಲಿಲ್ಲ. ಬಾಗಿ ಎಳೆಯಲಿಲ್ಲ, ಅವಸರಪಡಿಸಲಿಲ್ಲ. "ಕುಚ್ಚಲಕ್ಕಿ ಗಂಜಿ ಅಭ್ಯಾಸ ಉಂಟಾ ಅವಳಿಗೆ?" ಎಂದು ಮಾತ್ರ ಕೇಳಿದಳು.

"ಇಲ್ಲ. ನಮ್ಮಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ," ಎಂದಳು ಪ್ರಫುಲ್ಲಾ. "ದಿನಾ ಒಂದು ಸೌಟು. ಬಿಸಿ ಇರುವಾಗಲೇ."

"ಹಾಗೆಯೇ ಹಾಕ್ತೇನೆ," ಎಂದಳು ಬಾಗಿ.

ಆಗ ಪ್ರಫುಲ್ಲಾ ಬಿಟ್ಟಳು.

ಡೊಂಬಿವಲಿಗೆ ಮರಳಿದ ದಿನ ಮನೆ ಮುಚ್ಚಿದ ವಾಸನೆ ಹಿಡಿದಿತ್ತು. ಜಯಲತಾ ಓಡಿಬಂದು ಮದುವೆಯ ವಿಷಯ ಕೇಳಿದಳು. ಟಿಕಲಿ ಹಚ್ಚಿದ್ರಾ, ಚೆನ್ನಾಗಿ ಕಂಡಳಾ ಎಂದು. ಚೆನ್ನಾಗಿ ಕಂಡಳು ಎಂದಳು ಪ್ರಫುಲ್ಲಾ. ಕಿಟಕಿ ತೆರೆದು ಅನ್ನಕ್ಕಿಟ್ಟಳು. ಬಸಿದು, ಮೊದಲ ಸೌಟು ತುಂಬಿ, ಕೈ ಕಿಟಕಿಯ ಕಡೆ ಚಾಚಿದ ಮೇಲೆ, ಇನ್ನು ಬಡಿಸಬಾರದೆಂದು ನೆನಪಾಯಿತು. ಹೊರಗೆ ಸರಳಿನ ಮೇಲೆ ಕಾಗೆ ಕಾದು ಕೂತಿತ್ತು. ಸೌಟಿನ ಅನ್ನವನ್ನು ಪಾತ್ರೆಗೆ ಹಿಂದೆ ಹಾಕಿದಳು. ಹಿತ್ತಾಳೆ ಮುಚ್ಚಳವನ್ನು ತೊಳೆದು, ಒರೆಸಿ, ಉಳಿದ ಮುಚ್ಚಳಗಳ ಜೊತೆ ಹಲಗೆಯ ಮೇಲಿಟ್ಟಳು.

ಊಟಕ್ಕೆ ಕೂತಾಗ ಭುಜಂಗ, ಹಿಂದೆ ಕೇಳಿದ್ದ ಹಾಗೆ, ಉತ್ತರದ ಆಸೆಯಿಲ್ಲದೆ ಕೇಳಿದ. "ವಾಶಿಯಲ್ಲಿ ಮತ್ತೆ ಮನೆ ಕೊಡ್ತಾರಂತೆ. ಒಮ್ಮೆ ನೋಡಿ ಬರುವನಾ?"

"ನೋಡುವ," ಎಂದಳು ಪ್ರಫುಲ್ಲಾ.

ಅವನು ತುತ್ತು ಹಿಡಿದ ಕೈ ನಿಲ್ಲಿಸಿ ಅವಳನ್ನು ನೋಡಿದ. ಖಾಡಿಯ ಕಡೆಯಿಂದ ಗಾಳಿ ಬಂತು. ಕೆಸರಿನ ವಾಸನೆ, ಅದರೊಳಗೆ ಕಾರ್ಖಾನೆಯ ವಾಸನೆ. ಅವಳು ಎದ್ದು ಕಿಟಕಿ ಮುಚ್ಚಿದಳು.